ನಡಾವಳಿಗೆ ಬಾರದ ನೆರಳು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಅಪ್ಪ ಕುರಿ ಕಾಯುತ್ತಿದ್ದ. ಅವ್ವ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಹಸನು ಮಾಡುತ್ತಾ ನನ್ನನ್ನು ಓದಿಸಿದಳು. ಎರಡು ಸಾವಿರ ಇಸವಿಯ ಆಚೀಚೆ ಗಾಳಿಯಿಂದ ಕರೆಂಟು ಮಾಡುವ ಕಂಪನಿಯೊಂದು ಮೊಳಕಾಲ್ಮೂರು ಸೀಮೆಯ ಗುಡ್ಡಗಳಿಗೆ ಬಂತು. ಹಳ್ಳಿಯವರ ಜೊತೆ ಮಾತಾಡಲು ಸ್ಥಳೀಯ ಪದವೀಧರ ಬೇಕೆಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲು ಹೋಗಿ ನಿಂತವನೂ ನಾನೇ.

ಗುಡ್ಡದ ಮೇಲೆ ಗಾಳಿಯಂತ್ರ ನೆಡುವ ಮೊದಲು ಸುತ್ತಲಿನ ಹಟ್ಟಿಗಳಲ್ಲಿ ಸಭೆ ಕರೆಯಬೇಕು, ಜನ ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಇದು ನನ್ನ ಕೆಲಸ. ನಡಾವಳಿ ಕಂಪನಿಯ ನಿರ್ದೇಶಕರ ಮಂಡಳಿಗೆ ಹೋಗುತ್ತದೆ, ಅದನ್ನು ನೋಡಿಯೇ ಅವರು ತೀರ್ಮಾನ ಮಾಡುತ್ತಾರೆ ಎಂದು ನನ್ನ ಮೇಲಿನ ಸಾಹೇಬರು ಹೇಳಿದ್ದರು. ನಾನೆಂದೂ ಕಾಣದ ಆ ಮಂಡಳಿಯ ಮೇಜಿನ ಮೇಲೆ ನನ್ನ ಅಕ್ಷರ ಇರುತ್ತದಲ್ಲ ಎಂದು ಒಂದೊಂದು ಸಾಲನ್ನೂ ಗುಂಡಾಗಿ ಬರೆಯುತ್ತಿದ್ದೆ.

ಕೊಂಡ್ಲಹಳ್ಳಿಯಿಂದಾಚೆ, ಗುಡ್ಡದ ಬುಡದಲ್ಲಿ ಒಂದು ಹಟ್ಟಿ. ಅಲ್ಲಿಯವರದು ದೇವರ ಎತ್ತುಗಳ ಹಿಂಡೊಂದಿತ್ತು. ದೇವರಿಗೆ ಬಿಟ್ಟ ದನ ಅವು. ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ, ಕೋಲೆತ್ತಿ ಹೊಡೆಯುವುದಿಲ್ಲ. ಅವುಗಳ ಹಿಂದೆಯೇ ಬದುಕುವವನಿಗೆ ಕಿಲಾರಿ ಅನ್ನುತ್ತಾರೆ. ಅಲ್ಲಿಯ ಕಿಲಾರಿ ಎಪ್ಪತ್ತು ದಾಟಿದ ಮುದುಕ, ಕಾಲಿಗೆ ಮೆಟ್ಟು ಹಾಕಿದವನಲ್ಲ.

ಹುಣಸೆ ಮರದ ಕೆಳಗೆ ಸಭೆ ಸೇರಿತು. ಸಾಹೇಬರೂ ಬೆಂಗಳೂರಿನಿಂದ ಬಂದು ಕೂತಿದ್ದರು.

"ಏನಾದ್ರೂ ಕೇಳೋದಿದ್ರೆ ಕೇಳ್ರಿ," ಅಂದೆ.

"ಇರೋ ಗಾಳಿನೆಲ್ಲಾ ನೀವೇ ಹಿಡ್ಕಂಡ್ರೆ ನಾವು ರಾಶಿ ತೂರೋದು ಹೆಂಗ್ರೀ?" ಅಂದನೊಬ್ಬ. ಎಲ್ಲರೂ ನಕ್ಕರು. ಅದನ್ನು ಬರೆದುಕೊಂಡೆ.

ಆಮೇಲೆ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಕಿಲಾರಿ ಬಾಯಿ ಬಿಟ್ಟ. "ಗಾಳಿ ಅಳೆಯಾಕೆ ಗುಡ್ಡದ ಮ್ಯಾಲೆ ಕಂಬ ನೆಟ್ಟೀರಲ್ಲಪ್ಪಾ, ಅದರ ನೆರಳು ಬೈಗಿನಾಗೆ ಎತ್ತಿನ ದಾರಿಗೆ ಬೀಳ್ತೈತೆ. ಅದು ಸುಮ್ಕೆ ಬಿದ್ದಿರ್ತೈತೆ, ದಾಟ್ತಾವೆ. ನಾಳೆ ನೀವು ನಿಲ್ಸೋದು ತಿರುಗ್ತೈತಂತೆ. ತಿರುಗೋ ನೆರಳು ಎಲ್ಲಿಗೆ ಬರ್ತೈತೆ, ನೋಡೀರಾ?"

"ನೆರಳೇನು ಕಚ್ಚತೈತಾ ಮಾವ?" ಎಂದು ಯಾರೋ ಕೆಣಕಿದರು.

ಮುದುಕ ನಗಲಿಲ್ಲ. ಎದ್ದು, ನೀರಿನ ಕಟ್ಟೆಗೆ ಹೋಗುವ ದಾರಿಯಲ್ಲಿ ಐವತ್ತು ಹೆಜ್ಜೆ ನಡೆದು ಒಂದು ಕಲ್ಲಿಟ್ಟ. "ಶಿವರಾತ್ರಿ ಆದ ಮ್ಯಾಲೆ, ಇಲ್ಲಿಗೆ."

ನಡು ಮಧ್ಯಾಹ್ನ. ಅಲ್ಲಿ ಕೆಂಪು ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಆದರೂ ನಗುತ್ತಿದ್ದ ಜನ ಕತ್ತು ಚಾಚಿ ಆ ಕಲ್ಲನ್ನೇ ನೋಡಿದರು.

ಸಾಹೇಬರಿಗೆ ನಮ್ಮ ಸೀಮೆಯ ಮಾತು ಅರ್ಧ ತಿಳಿಯುತ್ತಿರಲಿಲ್ಲ. "ಏನಂತೆ?" ಅಂದರು.

"ಏನಿಲ್ಲ ಸರ್. ಹಳ್ಳಿಯವರ ನಂಬಿಕೆ," ಅಂದೆ. ಕುರಿ ಕಾಯುವವನ ಮಗ ನಾನು, ಹಾಗೆ ಅಂದೆ. 'ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ' ಎಂದು ಗುಂಡಾಗಿ ಬರೆದೆ. ಓದಲು ಬಾರದ ಮುದುಕ ನನ್ನನ್ನು ನಂಬಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ.

ಗುಡ್ಡದ ಮೇಲೆ ಯಂತ್ರ ಎದ್ದು ನಿಂತು ತಿರುಗತೊಡಗಿತು. ಶಿವರಾತ್ರಿ ಕಳೆದು ಕೆಲವು ದಿನಕ್ಕೆ ಹಟ್ಟಿಯಿಂದ ಕರೆ ಬಂತು. ಬೈಕಿನಲ್ಲಿ ಹೋದಾಗ ಹೊತ್ತು ಗುಡ್ಡದ ತಲೆಗೆ ಇಳಿದಿತ್ತು.

ಅರವತ್ತು ಎತ್ತುಗಳು ಒಂದರ ಹಿಂದೊಂದು ದಾರಿಯಲ್ಲಿ ನಿಂತಿದ್ದವು. ಒಂದೂ ಕೂಗುತ್ತಿರಲಿಲ್ಲ, ಬಾಲ ಆಡಿಸುತ್ತಿರಲಿಲ್ಲ. ಎದುರಿಗೆ, ಕೂಗಳತೆಯಲ್ಲಿ ಕಟ್ಟೆಯ ನೀರು ಹೊಳೆಯುತ್ತಿತ್ತು. ನಡುವೆ ಆ ನೆರಳು. ಮಣ್ಣಿನ ಮೇಲೆ ಸದ್ದಿಲ್ಲದೆ ಬೀಸಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅದು ಹಾದುಹೋದ ಮೇಲೆ ಯಂತ್ರದ ಸುಂಯ್ ಎಂಬ ಸದ್ದು ತಡವಾಗಿ ಗುಡ್ಡದಿಂದ ಇಳಿದು ಬರುತ್ತಿತ್ತು, ನೆರಳೂ ಸದ್ದೂ ಬೇರೆ ಬೇರೆಯವರದೇನೋ ಅನ್ನುವ ಹಾಗೆ. ಪ್ರತಿ ಸುತ್ತಿಗೂ ನೆರಳಿನ ತುದಿ ಮುದುಕನಿಟ್ಟ ಕಲ್ಲನ್ನು ಮುಟ್ಟಿ ತಿರುಗುತ್ತಿತ್ತು.

ನಾನು ಹೋಗಿ ಅದರೊಳಗೆ ನಿಂತೆ. ಅವು ನೋಡಲಿ, ಧೈರ್ಯ ಬರಲಿ ಎಂದು. ಮೈಮೇಲೆ ಅದು ಹಾದಾಗಲೆಲ್ಲ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಮೂರನೆಯ ಸಲಕ್ಕೆ ಕಾಲು ನನ್ನನ್ನು ಕೇಳದೆಯೇ ಹಿಂದಕ್ಕೆ ಬಂತು.

"ಮೊದಮೊದಲು ಹೊತ್ತು ಮುಳುಗಾಗಂಟ ಕಾದು ದಾಟ್ತಿದ್ವು," ಅಂದ ಕಿಲಾರಿ. "ಈಗ ಅರ್ಧಕ್ಕರ್ಧ ನೀರು ಕುಡೀದೆ ತಿರುಗ್ತಾವೆ. ಹೆಣ್ಣುಮಕ್ಕಳು ಕೊಡದಾಗೆ ಹೊತ್ತು ಹಾಕ್ತಾರೆ, ಎಷ್ಟಕ್ಕಂತ ಆದೀತು? ಮುದಿ ಎತ್ತೊಂದು ಮಲಗಿದ್ದು ಏಳಲೇ ಇಲ್ಲ."

"ಸ್ವಲ್ಪ ಗದರಿಸಿ ದಾಟಿಸಬಾರ್ದಾ ಅಜ್ಜ?"

"ಅವು ಹೋದ ದಾರೀಲಿ ನಾವು ಹೋಗ್ತೀವಿ. ನಾವು ಹೇಳಿದ ದಾರೀಲಿ ಅವು ಬರಾಕಿಲ್ಲ. ನೀನು ಅವತ್ತು ಬರ್ಕಂಡ್ಯಲ್ಲಪ್ಪಾ, ನಿಮ್ಮೋರು ಏನಂದ್ರು?"

ನಾನು ಬೈಕು ತಿರುಗಿಸಿದೆ. ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ, ಬರೆಯದೆ ಬಿಟ್ಟದ್ದನ್ನೂ. ಅವಳು ಊಟಕ್ಕಿಟ್ಟ ತಟ್ಟೆಯನ್ನು ಹಾಗೇ ಹಿಡಿದು ಕೇಳಿದಳು: "ನಿನ್ನ ಓದಿಸಿದ್ದು ಬರೆಯಾಕೋ, ಬಿಡಾಕೋ?"

ಎರಡನೆಯ ಸಭೆ ಅದೇ ಮರದ ಕೆಳಗೆ. ಹಿಂದಿನ ನಡಾವಳಿಯನ್ನು ಓದಿ ಸರಿಯಿದೆ ಅನ್ನಿಸಿಕೊಳ್ಳುವುದು ಯಾವ ಸಭೆಯಲ್ಲೂ ಮೊದಲ ಕೆಲಸ. ಯಾರೂ ತಲೆ ಎತ್ತದೆ ಹೂಂ ಅನ್ನುವ ಕೆಲಸ. ಸಾಹೇಬರು, "ಓದಿದ ಹಾಗೇ ಅಂದ್ಕೊಳ್ಳೋಣ, ಅಲ್ವಾ?" ಅಂದರು.

"ಇದು ಸರಿಯಿಲ್ಲ ಸರ್. ಒಂದು ಪ್ರಶ್ನೆ ಬಿಟ್ಟುಹೋಗಿದೆ. ಬಿಟ್ಟವನು ನಾನು."

ಅವರು ನನ್ನನ್ನು ಮರದ ಆಚೆಗೆ ಕರೆದರು. "ಸಹಿ ಆಗಿರೋ ಕಾಗದ ಕಣಯ್ಯ. ಮಂಡಳಿಯವರು ನೋಡಿ ಮುಗಿಸಿದ್ದಾರೆ. ನಿನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ, ನೆನಪಿದೆ ತಾನೆ?"

ನೆನಪಿತ್ತು. ವಾಪಸು ಹೋಗಿ ಎಲ್ಲರೆದುರು ಮುದುಕನ ಪ್ರಶ್ನೆಯನ್ನು ಅವನ ಮಾತಿನಲ್ಲೇ ಬರೆದು ಓದಿದೆ. ಸತ್ತ ಎತ್ತನ್ನೂ ಬರೆದೆ.

ಮಂಡಳಿಯವರು ನಾನು ಹೆದರಿದಷ್ಟು ಕೆಟ್ಟವರಾಗಿರಲಿಲ್ಲ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಾರದೊಳಗೆ ಆದೇಶ ಬಂತು, ಆ ಒಂದು ಯಂತ್ರವನ್ನು ಬೈಗಿನ ಹೊತ್ತು ನಿಲ್ಲಿಸಬೇಕೆಂದು. ಮೊದಲ ದಿನ ನೋಡಲು ಹೋದೆ. ಗುಡ್ಡದ ಮೇಲೆ ರೆಕ್ಕೆಗಳು ನಿಧಾನವಾಗಿ ನಿಂತವು. ನೆರಳು ದಾರಿಗೆ ಅಡ್ಡ ಸುಮ್ಮನೆ ಮಲಗಿತು, ಹಳೆಯ ಕಂಬದ ನೆರಳಿನ ಹಾಗೆ. ಗಾಳಿಯೂ ಬಿದ್ದಿತ್ತು.

ಹಿಂಡು ಬಂತು. ಅದೇ ಜಾಗದಲ್ಲಿ ನಿಂತಿತು. ಮುಂದಿನ ಎತ್ತು ನೆರಳಿಗೆ ಮೂತಿ ಚಾಚಿ ಮಣ್ಣು ಮೂಸಿತು. ಆಮೇಲೆ ಅದರ ತಲೆ, ನಿಂತ ನೆರಳಿನ ಮೇಲೆ, ಅತ್ತಿಂದಿತ್ತ ಆಡತೊಡಗಿತು. ಏನೋ ಬೀಸಿ ಹೋಗುವುದನ್ನು ನೋಡುವಾಗ ಆಡುವ ಹಾಗೆ. ಹಿಂದಿನವೂ ಹಾಗೇ ಮಾಡಿದವು, ಎಲ್ಲ ತಲೆಗಳೂ ಒಂದೇ ಲಯದಲ್ಲಿ. ಸ್ವಲ್ಪ ಹೊತ್ತಿಗೆ ಅವು ತಿರುಗಿದವು. ಬಿ.ಜಿ. ಕೆರೆಯ ಕಡೆ ಹೋಗುವ ದಾರಿ ಹಿಡಿದವು. ಕಿಲಾರಿ ಕಂಬಳಿ ಹೆಗಲಿಗೆ ಹಾಕಿಕೊಂಡ.

"ಯಂತ್ರ ನಿಂತೈತಲ್ಲಜ್ಜಾ!" ಎಂದು ಕೂಗಿದೆ.

"ನಮಗೆ ನಿಂತೈತೆ, ತಮ್ಮಾ. ಅವುಕ್ಕೆ ಇನ್ನೂ ತಿರುಗ್ತೈತೆ," ಅಂದ. "ಬರ್ತೀನಿ." ಬರಿಗಾಲಲ್ಲಿ ಹಿಂಡಿನ ಹಿಂದೆ ಹೋದ. ಆ ಬೇಸಿಗೆ ಅವನೂ ಹಿಂಡೂ ಹಟ್ಟಿಗೆ ಮರಳಲಿಲ್ಲ.

'ಸಮಸ್ಯೆ ಬಗೆಹರಿದಿದೆ' ಎಂದು ಬರೆದು ಕಳಿಸಲು ಹೇಳಿ ಸಾಹೇಬರು ಫೋನು ಮಾಡಿದರು. ನಾನು ಬರೆದದ್ದು ಇಷ್ಟು: 'ಯಂತ್ರ ನಿಲ್ಲಿಸಲಾಯಿತು. ಎತ್ತುಗಳು ದಾಟಲಿಲ್ಲ. ಆಕ್ಷೇಪಣೆ ಇದೆ.' ಅವರು ತಿದ್ದಲು ವಾಪಸು ಕಳಿಸಿದರು. ಒಂದಕ್ಷರವನ್ನೂ ಬದಲಿಸದೆ ಮತ್ತೆ ಅದನ್ನೇ ಕಳಿಸಿದೆ.