ಮಾಗಿದ ಮೇಲೂ ಬೆಳೆದ ಗಾಯ

ಮೊದಲು ಶುರುವಾದದ್ದು ತುರಿಕೆ. ನನಗೆ ಖುಷಿಯಾಯಿತು.

ರೊಟ್ಟಿಗೆಂದು ಇಟ್ಟ ಎಸರಿನ ಪಾತ್ರೆ ಜಾರಿ ಕುದಿಯುವ ನೀರು ಬಲಗೈ ಮೇಲೆ ಬಿದ್ದು ಅಂಗೈ ಸುಲಿದುಹೋಗಿತ್ತು. ದುಡಿಯಲು ಬಂದು ನೆಲೆಸಿದ ಕಳವಾ ಊರಿನಿಂದ ಪಕ್ಕದ ಠಾಣೆ ಶಹರದ ಆಸ್ಪತ್ರೆಗೆ ಡ್ರೆಸ್ಸಿಂಗಿಗೆಂದು ಅಲೆದಲೆದು, ಅಂತೂ ಗಾಯ ಮುಚ್ಚಿತು. ನಮ್ಮ ಕಲಬುರಗಿ ಕಡೆ ಗಾಯ ತುರಿಸಿದರೆ ಮಾಗುತ್ತಿದೆ ಎಂದೇ ಲೆಕ್ಕ. "ಭಾಳ ಕಡೀಲಾಕತ್ತದ, ಇನ್ನೇನ್ ರೊಟ್ಟಿ ಬಡೀತೀನಿ," ಎಂದು ಗಂಡ ಮಲ್ಲಪ್ಪನೆದುರು ಜಂಬ ಕೊಚ್ಚಿದೆ. ಕಲೆ ಉಬ್ಬದಿರಲೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಬಿಗಿಯಾದ ಪ್ರೆಶರ್ ಗ್ಲೌ ಕಳಚಿ ಗೂಟಕ್ಕೆ ನೇತುಹಾಕಿದೆ. ಮಾಗುವ ಗಾಯಕ್ಕೆ ಗಾಳಿ ಬೇಡವೇ?

ಮಗಳು ರೇಣುಕಾ ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಮಮ್ಮಿ, ಡಾಕ್ಟರ್ ನೇ ಬೋಲಾ ಥಾ, ನಿಕಾಲ್ನಾ ನಹೀ."

"ತೆಗೀಬ್ಯಾಡ ಅನ್ಲಾಕ ಅವ್ರಿಗೇನು? ಕಡೀಲಾಕತ್ತಿದ್ದು ನನಗೋ, ಡಾಕ್ಟರಿಗೋ?" ಎಂದೆ.

ಕಲೆ ಕೆಂಪಗೆ ಉಬ್ಬಿತು. ಗಟ್ಟಿಯಾಯಿತು. ಒಂದು ಬೆಳಿಗ್ಗೆ ಹಿಟ್ಟಿನ ಮುಂದೆ ಕೂತೆ.

ಬೆರಳು ಬಿಚ್ಚಲಿಲ್ಲ.

ಹತ್ತಿರದ ಐರೋಲಿಯ ಫ್ಲ್ಯಾಟುಗಳಿಗೆ ರೊಟ್ಟಿ ಮಾಡಿಕೊಡುವುದು ನನ್ನ ಕೆಲಸ. ಅಂಗೈ ಪೂರ್ತಿ ಬಿಚ್ಚದೆ ಜೋಳದ ರೊಟ್ಟಿ ಬಡಿಯಲಾಗದು. ಬೇರೆ ಕೆಲಸ ಸಿಗಬಹುದು. ಆದರೆ ನನಗೆ ಚೆನ್ನಾಗಿ ಬರುವುದು ಇದೊಂದೇ. ಹೆದರಿಕೆಯಾಯಿತು, ಹಿಟ್ಟಿನ ಮುಂದೆಯೇ ಅತ್ತುಬಿಟ್ಟೆ.

ಮತ್ತೆ ಆಸ್ಪತ್ರೆಗೆ ಓಡಿದೆ. ಅಲ್ಲಿನ ಪ್ಲಾಸ್ಟಿಕ್ ಸರ್ಜನ್ ಮೈಸೂರಿನ ಹೆಣ್ಣುಮಗಳು. "ಗಾಯ ಮುಚ್ಚಿತ್ತಲ್ರೀ, ಮತ್ತ ಯಾಕ ಬೆಳೀತು?" ಎಂದು ಕೇಳಿದೆ.

"ಗಾಯ ಆದಾಗ ರಕ್ತದಿಂದಾನೂ ಕೆಲವು ಸೆಲ್ಸ್ ಅಲ್ಲಿಗೆ ಬರ್ತವೆ, ಫೈಬ್ರೋಸೈಟ್ಸ್ ಅಂತ. ಗಾಯ ಮುಚ್ಚೋಕೆ ಸಹಾಯ ಮಾಡ್ತವೆ. ಸುಟ್ಟ ಗಾಯದಲ್ಲಿ ಕೆಲವು ಸಲ ಮುಚ್ಚಿದ್ಮೇಲೂ ಸುಮ್ಮನಾಗಲ್ಲ, ನಾರು ಕಟ್ಟಿ ಕಲೆ ಉಬ್ಬೋಕೆ ಕುಮ್ಮಕ್ಕು ಕೊಡ್ತಾನೇ ಇರ್ತವೆ. ಇವುಗಳ ಪಾಲು ಎಷ್ಟು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ತುರಿಕೆ ಅಂದ್ರೆ ವಾಸಿ ಅಂತಲ್ಲಮ್ಮ. ಗ್ಲೌ ಯಾಕೆ ತೆಗೆದ್ರಿ?"

ನನ್ನದೇ ರಕ್ತ.

ಮರಳುವಾಗ ರೈಲಿನಲ್ಲಿ ಅದೇ ಯೋಚನೆ. ಅಲ್ಲಿಯವರೆಗೆ ಪಾತ್ರೆಯನ್ನು ಬೈದಿದ್ದೆ, ಪಕ್ಕದ ಖೋಲಿಯವಳ ದೃಷ್ಟಿ ತಾಗಿತೆಂದು ಅವಳನ್ನೂ ಬೈದಿದ್ದೆ. ಈಗ ಯಾರನ್ನು ಬೈಯಲಿ? ಮದುವೆ ಮನೆಗೆ ದುಡಿಯಲು ಬಂದ ನೆಂಟರು ಮದುವೆ ಮುಗಿದರೂ ಹೊರಡದಂತೆ, ಕೈ ಉಳಿಸಲು ಓಡಿಬಂದವು ಕೈಯಲ್ಲೇ ಬೀಡುಬಿಟ್ಟಿದ್ದವು. ಸಿಟ್ಟು ಬಂತು. ಆಮೇಲೆ ಪಾಪ ಅನ್ನಿಸಿತು. ಕರೆಯದೇ ಸಹಾಯಕ್ಕೆ ಬಂದವಲ್ಲವೇ?

ಗ್ಲೌ ಮತ್ತೆ ಕೈಗೇರಿತು. ಕಲೆಗೆ ಅಂಟಿಸುವ ಸಿಲಿಕಾನ್ ಶೀಟ್, ಬೆರಳು ನೆಟ್ಟಗಿಡುವ ಸ್ಪ್ಲಿಂಟ್, ಫಿಸಿಯೋಥೆರಪಿ. ಬೆರಳು ಎಳೆಯುವಾಗ ಆ ಫಿಸಿಯೋ ಹುಡುಗಿಯ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ತಿಂಗಳುಗಳು ಕಳೆದು ಕಲೆ ಮೆತ್ತಗಾಯಿತು. ಕಿರುಬೆರಳು ಮಾತ್ರ ಇನ್ನೂ ಸೊಟ್ಟ.

ಕಳೆದ ವಾರ ಮತ್ತೆ ಬಡಿದೆ. ಕಿರುಬೆರಳು ತಾಗದ ಕಡೆ ರೊಟ್ಟಿ ದಪ್ಪಗೆ ಉಳಿಯಿತು. ಐರೋಲಿಗೆ ಕಳಿಸುವಂತಿರಲಿಲ್ಲ. ಮೊದಲಿನಂಥ ತೆಳು ರೊಟ್ಟಿ ಈ ಕೈಯಿಂದ ಮತ್ತೆ ಬರುತ್ತದೋ ಇಲ್ಲವೋ, ಡಾಕ್ಟರೂ ಹೇಳಲಾರರು. ಅಂಗೈ ಇಷ್ಟಾದರೂ ತೆರೆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಲ್ಲಪ್ಪ ಆ ದಪ್ಪ ಅಂಚನ್ನೇ ಮುರಿದು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ನಾನು ಅವನ ಮುಖ ನೋಡುತ್ತ ಕೂತೆ.

"ಹಸಿವಿ ಇನ್ನಾ ಅದ," ಎಂದ. "ಇನ್ನೊಂದ ಬಡಿ."

ಬಡಿದೆ.