ಇಪ್ಪತ್ತೈದು ನಿಮಿಷದ ಇಂಜಿನ್

ನನ್ನ ಗಂಡನಿಗೆ ಬಂದರಿನಲ್ಲಿ ಎಲ್ಲರೂ ‘ಗೊತ್ತಾಯ್ತು ಮೇಸ್ತ್ರಿ’ ಎನ್ನುತ್ತಾರೆ. ಇಂಜಿನ್ ಕೆಟ್ಟಿದೆ ಎಂದು ಬಂದವರು ಬಾಯಿ ತೆರೆಯುವುದರೊಳಗೆ ‘ಗೊತ್ತಾಯ್ತು, ಗೊತ್ತಾಯ್ತು’ ಎಂದು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಸ್ವಭಾವ. ಹತ್ತಕ್ಕೆ ಒಂಬತ್ತು ಸಲ ನಿಜವಾಗಿಯೂ ಗೊತ್ತಾಗಿರುತ್ತದೆ, ಒಪ್ಪಬೇಕಾದ್ದೇ. ಹತ್ತನೆಯ ಸಲದ ಸಂಗತಿಯನ್ನು ಹೆಂಡತಿಯಾದ ನಾನೇ ಹೇಳಬೇಕು. ಹತ್ತನೆಯ ಸಲ, ಇವರ ಪ್ರಕಾರ, ತಪ್ಪು ಇಂಜಿನ್ನಿನದಲ್ಲ, ಓಡಿಸುವವರದು.

ಬಂದರಿನ ಹಿಂದೆ ನಮ್ಮದೊಂದು ಶೆಡ್. ಅರ್ಧ ಜಾಗದಲ್ಲಿ ಇವರ ಇಂಜಿನ್ನುಗಳು, ಇನ್ನರ್ಧದಲ್ಲಿ ನನ್ನ ಹೊಲಿಗೆ ಯಂತ್ರ. ನಾನು ಹಾಯಿಗಳಿಗೆ ತೇಪೆ ಹಾಕುತ್ತೇನೆ, ದೋಣಿಗಳಿಗೆ ಹೊದಿಕೆ ಹೊಲಿಯುತ್ತೇನೆ. ಗ್ರೀಸ್ ಆ ಕಡೆ, ಬಟ್ಟೆ ಈ ಕಡೆ ಎಂದು ಮದುವೆಯಾದ ವರ್ಷವೇ ಕರಾರಾಗಿದೆ. ಇವರ ಚಪ್ಪಲಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಶಾಲೆಯಲ್ಲಿ ನನಗೆ ಭೂಗೋಳ ಕಲಿಸಿದ ಮೇಡಂ ಒಂದು ಹಳೆಯ ಹಾಯಿದೋಣಿ ಇಟ್ಟುಕೊಂಡಿದ್ದಾರೆ. ಎಪ್ಪತ್ತರ ಹತ್ತಿರದಲ್ಲೂ ಒಬ್ಬರೇ ಸಮುದ್ರಕ್ಕೆ ಹೋಗುವ ಗಟ್ಟಿಗಿತ್ತಿ. ಹೊರಗೆ ಹೋದ ಮೇಲೆ ಗಾಳಿ ನೋಡಿಕೊಳ್ಳುತ್ತದೆ. ವಾಪಸು ಬರುವಾಗ ಗಾಳಿ ನಿಂತರೆ ಅರ್ಧ ಗಂಟೆ ಇಂಜಿನ್ನಿನಲ್ಲೇ ಬರಬೇಕು. ಬಂದರಿನ ಬಾಯಿಯೋ ಕಿರಿದು, ಎರಡೂ ಬದಿಗೆ ಕಲ್ಲುಗೋಡೆ. ದೋಣಿಯ ಹೊಟ್ಟೆಯಲ್ಲಿ ಕೂತಿರುವ ಆ ಪೆಟ್ರೋಲ್ ಇಂಜಿನ್ನಿಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ಒಂದೂವರೆ ವರ್ಷದ ಹಿಂದೆ ಅದಕ್ಕೊಂದು ಹೊಸ ರೋಗ ಹಿಡಿಯಿತು. ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡುವುದು, ಆಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುವುದು.

ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ಬಗ್ಗಿ ನೋಡುವುದು ಇವರ ಪದ್ಧತಿ. ಪೆಟ್ರೋಲ್ ಇತ್ತು. ಪ್ಲಗ್ ಬದಲಿಸಿದರು, ಇಂಜಿನ್ ಓಡಿತು. “ನೋಡಿದ್ರಾ, ಪ್ಲಗ್ಗು” ಎಂದರು. ಮುಂದಿನ ತಿಂಗಳು ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆಗೆದು ನೋಡಿ, ಕಾಯಿಲ್ ಬದಲಿಸಿದರು. ಆಮೇಲೆ ಕಾರ್ಬುರೇಟರ್ ಬಿಚ್ಚಿ ತೊಳೆದರು. ರಿಪೇರಿಯಾದ ಮೇಲೆ ಹತ್ತು ನಿಮಿಷ ಓಡಿಸಿ ನೋಡಿ ಕೈ ಒರೆಸಿಕೊಳ್ಳುವರು. ಪ್ರತಿ ಸಲವೂ ಇಂಜಿನ್ ಓಡಿತು, ಪ್ರತಿ ಸಲವೂ ಇವರೇ ಗೆದ್ದರು. ಬದಲಿಸುವುದಕ್ಕೆ ಇನ್ನೇನೂ ಉಳಿಯದೆ ಹೋದಾಗ, ಹೋದ ವರ್ಷ, ಮೇಡಂ ಎದುರು ನಿಂತು ಹೇಳಿಯೇಬಿಟ್ಟರು.

“ಇಂಜಿನ್ ಸರಿಯಾಗಿದೆ ಮೇಡಂ. ನಿಮ್ಮ ಕೈ ಮೊದಲಿನ ಹಾಗಿಲ್ಲ. ಥ್ರಾಟಲ್ ಹಿಡಿದಾಗ ನಡುಗುತ್ತೆ, ಅದಕ್ಕೇ ನಿಲ್ಲುತ್ತೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಪಕ್ಕದಲ್ಲೇ ಇದ್ದೆ, ಹೊಲಿಗೆ ಮುಂದುವರಿಸಿದೆ. ಮೇಡಂ ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡು “ಇರಬಹುದು” ಎಂದರು.

ಆಮೇಲೆ ಅವರು ದೋಣಿ ತೆಗೆಯುವುದೇ ಅಪರೂಪವಾಯಿತು. ಹೋದ ತಿಂಗಳು ಒಮ್ಮೆ ತೆಗೆದರು. ಬರುವಾಗ ಬಂದರಿನ ಬಾಯಲ್ಲೇ ಇಂಜಿನ್ ನಿಂತು, ದೋಣಿಯ ಹಿಂಭಾಗ ಗೋಡೆಗೆ ಉಜ್ಜಿತು. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ. ವಾರ ಕಳೆದು ಶೆಡ್ಡಿಗೆ ಬಂದರು. ದೋಣಿಯನ್ನು ಒಬ್ಬ ಡಾಕ್ಟರಿಗೆ ಕೊಡುತ್ತಿದ್ದೇನೆ, ಭಾನುವಾರ ಒಯ್ಯುತ್ತಾರೆ ಎಂದರು. “ಅಷ್ಟರೊಳಗೆ ಒಂದ್ಸಲ ನೋಡಿಡಿ. ನಿಮ್ಮ ಕೈಯಲ್ಲಿ ಹೇಗೂ ನಿಲ್ಲಲ್ಲ.” ಕೊಂಕು ಮಾತಲ್ಲ, ನಂಬಿಯೇ ಹೇಳಿದ್ದು. ಅದಕ್ಕೇ ನನಗೆ ಚುಚ್ಚಿತು.

ಗುರುವಾರ ಬೆಳಿಗ್ಗೆ ಇಬ್ಬರೂ ದೋಣಿಗೆ ಹೋದೆವು. ದೋಣಿಯ ಹಿಂಬದಿಗೆ ಸದಾ ಬಿಗಿದಿರುವ, ನಾನೇ ಹೊಲಿದ ಹೊದಿಕೆಯ ಅಂಚು ಗೋಡೆಗೆ ಉಜ್ಜಿ ಹರಿದಿತ್ತು; ಅದಕ್ಕೆ ತೇಪೆ ಹಾಕಬೇಕಿತ್ತು. ಇವರು ಇಂಜಿನ್ ಚಾಲೂ ಮಾಡಿದರು, ನಾನು ಕೂತಲ್ಲೇ ಹೊಲಿಯುತ್ತಾ ಹೊತ್ತು ಹೋಯಿತು; ಹಾಗಾಗಿ ಇವರು ಅಂದು ಹತ್ತು ನಿಮಿಷಕ್ಕೆ ಇಂಜಿನ್ ಆರಿಸಲಿಲ್ಲ. ಇಪ್ಪತ್ತೈದನೆಯ ನಿಮಿಷಕ್ಕೆ ಅದು ಕೆಮ್ಮಿತು. ನಿಂತಿತು. ಥ್ರಾಟಲ್ ಮೇಲೆ ಇದ್ದದ್ದು ಇವರದೇ ಕೈ.

“ಏನಂತೀಯ?” ಎಂದರು.

“ನಾನೇನು ಹೇಳ್ಲಿ? ಗೊತ್ತಿರೋರು ನೀವು.”

ಇವರು ಅಲ್ಲೇ ಹಲಗೆಯ ಮೇಲೆ ಕೂತರು. “ಇಲ್ಲ ಕಣೇ. ನಂಗೆ ಗೊತ್ತಿಲ್ಲ.”

ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಗೆದ್ದೆ ಅನ್ನಿಸಬೇಕಿತ್ತು, ಪಾಪ ಅನ್ನಿಸಿತು. ಸೂಜಿ ಕೆಳಗಿಟ್ಟೆ.

ಗೊತ್ತಿಲ್ಲ ಎಂದ ಮೇಲೆ ಇವರಿಗೆ ಬಿಚ್ಚುವ ಅವಸರ ಇರಲಿಲ್ಲ. ಅಭ್ಯಾಸಬಲದಿಂದ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿ ನಿಧಾನವಾಗಿ ತಿರುಗಿಸಿದರು. ಸುಸ್ ಎಂದು ಟ್ಯಾಂಕು ಗಾಳಿ ಒಳಗೆಳೆದುಕೊಂಡ ಸದ್ದು ನನಗೂ ಕೇಳಿಸಿತು. ಬೇರೆ ಏನನ್ನೂ ಮುಟ್ಟದೆ ಇಂಜಿನ್ ಚಾಲೂ ಮಾಡಿದರು. ಓಡಿತು.

“ಮುಚ್ಚಳ ತೆಗೆದಾಗೆಲ್ಲ ಸರಿಹೋಗ್ತಿತ್ತು,” ಎಂದರು. “ನಾನು ಪ್ಲಗ್ಗು ಅಂದ್ಕೊಂಡೆ.”

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಪೆಟ್ರೋಲ್ ಖಾಲಿಯಾದ ಹಾಗೆ ಟ್ಯಾಂಕಿನೊಳಗೆ ಗಾಳಿ ಬರಬೇಕಂತೆ, ಇಲ್ಲದಿದ್ದರೆ ಪೆಟ್ರೋಲ್ ಇಂಜಿನ್ನಿಗೆ ಹರಿಯುವುದಿಲ್ಲವಂತೆ. ಅದಕ್ಕೆಂದೇ ಒಂದು ಬೆರಳುಗಾತ್ರದ ಕೊಳವೆ ಇರುತ್ತದೆ. ಇವರು ಆ ಕೊಳವೆಯನ್ನು ಸವರುತ್ತಾ ದೋಣಿಯ ಹಿಂಬದಿಗೆ ಬಂದರು. ಅದರ ಬಾಯಿ ನನ್ನ ಹೊದಿಕೆಯ ಕೆಳಗಿತ್ತು. ಒಂದೂವರೆ ವರ್ಷದ ಹಿಂದೆ, ನೀರಿರಲಿ, ಗಾಳಿಯೂ ನುಸುಳಬಾರದು ಎಂದು ರಬ್ಬರ್ ಹಚ್ಚಿದ ಬಟ್ಟೆಗೆ ಎರಡೆರಡು ಹೊಲಿಗೆ ಹಾಕಿ, ದಾರ ಎಳೆದು ಬಿಗಿದವಳು ನಾನೇ. ರಬ್ಬರಿನ ಮೇಲೆ ಕೊಳವೆಯ ಬಾಯಿ ಒತ್ತಿ ಉಂಗುರದಂಥ ಗುರುತು ಬಿದ್ದಿತ್ತು.

ಬೇರೆ ದಿನವಾಗಿದ್ದರೆ ಇವರು ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಅಂದು ನಗಲಿಲ್ಲ. “ನಿನ್ನ ಹೆಸರು ಬೇಡ. ಕೊಳವೆ ಕಟ್ಕೊಂಡಿತ್ತು ಅಂತೀನಿ.”

“ಹೊಲಿದೋಳು ನಾನು, ಅದನ್ನ ನಾನು ಹೇಳ್ತೀನಿ. ಕೈ ವಿಷಯ ಆಡಿದ್ದು ನೀವು, ಅದನ್ನ ನೀವು ಹೇಳಿ.”

ಮೇಡಂ ಮನೆಯ ಅಡುಗೆಮನೆಯ ಮೇಜಿನ ಮುಂದೆ ಕೂತು ಇಬ್ಬರೂ ನಮ್ಮ ನಮ್ಮ ಪಾಲು ಹೇಳಿದೆವು. ಇವರು ತಲೆ ತಗ್ಗಿಸಿ, “ನಿಮ್ಮ ಕೈ ಚೆನ್ನಾಗೇ ಇದೆ ಮೇಡಂ. ನಂಗೆ ಗೊತ್ತಾಗದೆ ಬಾಯಿಗೆ ಬಂದಿದ್ದು ಹೇಳ್ದೆ. ತಪ್ಪಾಯ್ತು” ಎಂದರು. ಮೇಡಂ ಎದ್ದು ಹೋಗಿ ಡಾಕ್ಟರಿಗೆ ಫೋನ್ ಮಾಡಿದರು. ಮಾತು ಹಿಂದಕ್ಕೆ ತಗೊಳ್ತಿದ್ದೀನಿ, ಕ್ಷಮಿಸಿ, ದೋಣಿ ಕೊಡೋದಿಲ್ಲ ಎಂದರು. ಫೋನ್ ಹಿಡಿದ ಕೈ ಸ್ವಲ್ಪ ನಡುಗುತ್ತಿತ್ತು. ಅಷ್ಟು ನಡುಕ ಇವರ ಕೈಯಲ್ಲೂ ಇದೆ, ಸೂಜಿಗೆ ದಾರ ಪೋಣಿಸುವಾಗ ನನ್ನ ಕೈಯಲ್ಲೂ ಇದೆ.

ಇವರ ಮುಖ ಅರಳಿತು. ಎದ್ದು ಬಾಗಿಲವರೆಗೆ ಬಂದು, “ಸದ್ಯ ಮೇಡಂ, ದೋಣಿ ಉಳೀತು. ಕಳ್ಕೊಂಡಿದ್ದು ಏನೂ ಇಲ್ಲ” ಎಂದರು.

ಮೇಡಂ ಸಿಟ್ಟಾಗಲಿಲ್ಲ. ಪಾಠ ಹೇಳುವಾಗಿನ ಅದೇ ದನಿಯಲ್ಲಿ ಹೇಳಿದರು.

“ನೀವು ಆ ಮಾತು ಹೇಳಿದಾಗ ಮಗಳ ಕೂಸಿಗೆ ಮೂರು ತಿಂಗಳು. ಅವತ್ತಿಂದ ನಾನು ಅದನ್ನ ಎತ್ಕೊಳ್ಳೋದು ಬಿಟ್ಟೆ, ಎಲ್ಲಿ ಬೀಳಿಸಿಬಿಡ್ತೀನೋ ಅಂತ. ಈಗ ಅದು ನಡೆಯುತ್ತೆ. ಎತ್ಕೋ ಅಂತ ನನ್ನ ಹತ್ರ ಬರೋದೇ ಇಲ್ಲ.”

ಇವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.