ಪರದೆಯಾಚೆಯ ಬೈಗುಳ

ಮೊನ್ನೆ ಮೊಮ್ಮಗಳು ಗಿಟಾರ್ ಕ್ಲಾಸಿನಿಂದ ಬಂದವಳೇ ಕೆಳಗೆ ಬಿದ್ದಿದ್ದ ನನ್ನ ಕನ್ನಡಕ ಎತ್ತಿಕೊಟ್ಟಳು. ಅವಳ ಬೆರಳುಗಳಿಂದ ಕಬ್ಬಿಣದ ವಾಸನೆ ಬಂತು. ಬೆವೆತ ಬೆರಳು ಉಕ್ಕಿನ ತಂತಿಯನ್ನು ಬಹಳ ಹೊತ್ತು ಒತ್ತಿದರೆ ಬರುವ ವಾಸನೆ ಅದು, ಸೋಪು ಹಚ್ಚಿ ತೊಳೆದರೂ ಊಟದ ಹೊತ್ತಿನವರೆಗೆ ಬಿಡುವುದಿಲ್ಲ. ಅವಳ ಕೈಯನ್ನು ಹಾಗೇ ಹಿಡಿದುಕೊಂಡು ಕೂತೆ. "ಏನಜ್ಜಿ?" ಎಂದಳು. ಏನಿಲ್ಲ ಎಂದೆ. ಒಂದು ಕಾಲಕ್ಕೆ ನನ್ನ ಬೆರಳೂ ಹೀಗೇ ನಾರುತ್ತಿದ್ದವು ಅಂದಿದ್ದರೆ ಅವಳು ನಗುತ್ತಿದ್ದಳು...

ಆಗ ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ. ಕುರುಗೋಡಿನಿಂದ ಬಂದ ನಾನು ಸೋದರತ್ತೆಯ ಮನೆಯಲ್ಲಿದ್ದುಕೊಂಡು ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಕೆಲಸ ಹಂಗಾಮಿ. ಶಾಲೆ ನಡೆಸುತ್ತಿದ್ದ ದೊರೆಸಾನಿ ತನ್ನ ದೇಶಕ್ಕೆ ಹೊರಡುವಾಗ, ದಿನಾ ಪ್ರಾರ್ಥನೆಗೆ ನುಡಿಸುತ್ತಿದ್ದ ಗಿಟಾರನ್ನು ಶಾಲೆಗೇ ಬಿಟ್ಟುಹೋಗಿದ್ದಳು. ಅವಳ ಜಾಗಕ್ಕೆ ಬಂದ ದೊಡ್ಡ ಟೀಚರು ನಮ್ಮನ್ನೆಲ್ಲ ಕರೆದು, ವಾರ್ಷಿಕೋತ್ಸವದೊಳಗೆ ಇದನ್ನು ನುಡಿಸಲು ಕಲಿತವರಿಗೆ ಸಂಗೀತದ ಟೀಚರ್ ಕೆಲಸ ಖಾಯಂ ಮಾಡಿಸುತ್ತೇನೆ ಎಂದರು. ಐದು ತಿಂಗಳಿತ್ತು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ. ಗಿಟಾರಿನ ಮೇಲೆ ಪ್ರೀತಿಯಿಂದಲ್ಲ. ಕೆಲಸ ಖಾಯಂ ಆಗದಿದ್ದರೆ ಊರಿಗೆ ಬಂದುಬಿಡು ಎಂದು ಅಪ್ಪ ಮೊದಲೇ ಹೇಳಿದ್ದರು. ಸಿರುಗುಪ್ಪದಲ್ಲಿ ಭತ್ತದ ಗದ್ದೆಯ ಮನೆತನವೊಂದನ್ನು ನೋಡಿಟ್ಟಿದ್ದರು. ಆ ಹುಡುಗನ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಮುಖವನ್ನೇ ನೋಡಿರಲಿಲ್ಲ. ಆದರೆ ನನ್ನ ಹೆಸರಿನ ಮುಂದೆ ಟೀಚರ್ ಎಂದು ಸೇರಿದ್ದು ಆಗಷ್ಟೇ. ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಬಳ್ಳಾರಿಯಲ್ಲಿ ಗಿಟಾರ್ ಬಲ್ಲವರು ಒಬ್ಬರೇ ಎಂದು ಎಲ್ಲರೂ ಹೇಳಿದರು. ಬ್ರೂಸ್‌ಪೇಟೆಯ ಹಿಂದಿನ ಗಲ್ಲಿಯ ಬ್ಯಾಂಡ್ ಮಾಸ್ತರು. ದಂಡಿನ ಬ್ಯಾಂಡಿನಲ್ಲಿ ಬಿಳಿ ಸಿಪಾಯಿಗಳ ಜೊತೆ ವರ್ಷಗಟ್ಟಲೆ ನುಡಿಸಿ, ಈಗ ಮದುವೆ ಮೆರವಣಿಗೆಗಳಿಗೆ ಬ್ಯಾಂಡ್ ಕಟ್ಟಿಕೊಂಡು, ಉಳಿದ ಹೊತ್ತು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಪ್ರಾಯದ ಹೆಣ್ಣುಮಗಳನ್ನು ಎದುರಿಗೆ ಕೂಡಿಸಿಕೊಂಡು ಪಾಠ ಹೇಳುವುದು ಅವರಿಗೂ ಸರಿಬರಲಿಲ್ಲ, ನನ್ನ ಅತ್ತೆಗಂತೂ ಸುತರಾಂ ಒಪ್ಪಿಗೆಯಿಲ್ಲ. ಕೊನೆಗೆ ಮಾಸ್ತರೇ ದಾರಿ ಹುಡುಕಿದರು. ಮಾಸ್ತರು ಹೊರಗೆ ಅಂಗಡಿಯಲ್ಲಿ, ನಾನು ಶಾಲೆಯ ಗಿಟಾರು ಹಿಡಿದು ಹಿತ್ತಿಲ ಬಾಗಿಲಿನಿಂದ ಬಂದು ಒಳಗೆ ಅವರ ಹೆಂಡತಿಯ ಪಕ್ಕದಲ್ಲಿ, ನಡುವೆ ಬಾಗಿಲಿಗೆ ಹಸಿರು ಪರದೆ. ಅವರು ತಮ್ಮ ಗಿಟಾರಿನಲ್ಲಿ ನುಡಿಸಿ ತೋರಿಸುವುದು, ಒಳಗಿನಿಂದ ನಾನು ನುಡಿಸಿ ಒಪ್ಪಿಸುವುದು.

ಒಪ್ಪಿಸುವುದು ಎಂದೆನಲ್ಲ, ಮೊದಲ ತಿಂಗಳು ಬೈಸಿಕೊಂಡದ್ದೇ ಹೆಚ್ಚು. "ಯಾರವ್ವ ಒಳಗ? ಬಟ್ಟಿ ಹರಿಯಾಕ ಹತ್ತೀರೇನು?" "ಟೀಚರಮ್ಮ, ತಂತಿ ಏನ್ ಪಾಪ ಮಾಡೈತಿ ನಿನಗ?" ಮುಖ ಕಾಣುತ್ತಿರಲಿಲ್ಲವಾಗಿ ಆ ದನಿ ಇನ್ನಷ್ಟು ದೊಡ್ಡದಾಗಿ ಕೇಳುತ್ತಿತ್ತು. ಗಲ್ಲಿಯಲ್ಲಿ ಹೋಗುವವರು ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನೇನು ಕಡಿಮೆಯವಳೇ? ಶಾಲೆಯಲ್ಲಿ ನನ್ನ ಮೇಜಿನ ಮೇಲೂ ಒಂದು ರೂಲುದೊಣ್ಣೆ ಇತ್ತು. ಹಗಲೆಲ್ಲ ಹುಡುಗಿಯರನ್ನು ಬೈದು, ಸಂಜೆ ಬಂದು ನಾನು ಬೈಸಿಕೊಳ್ಳುತ್ತಿದ್ದೆ.

ಒಳಗೆ ಮಾಸ್ತರ ಹೆಂಡತಿ ಚಾಚಿ ಇದ್ದರು. ಎಲ್ಲರೂ ಕರೆಯುವಂತೆ ನಾನೂ ಅವರನ್ನು ಚಾಚಿ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಅಕ್ಕಿ ಆರಿಸುತ್ತಲೋ ಎಲೆ ಮಡಿಸುತ್ತಲೋ ಪಕ್ಕದಲ್ಲಿ ಕೂತು, ನನ್ನ ಬೆರಳು ತಪ್ಪಿದ ಕಡೆ ಮೆಲ್ಲಗೆ ಹಿಡಿದು ಸರಿಯಾದ ತಂತಿಗೆ ಸರಿಸುತ್ತಿದ್ದರು. ಗಂಡ ನುಡಿಸುವುದನ್ನು ನೋಡಿ ನೋಡಿ ಗೊತ್ತಾಗಿರಬೇಕು ಅಂದುಕೊಂಡಿದ್ದೆ. ಹೊರಗಿನಿಂದ ಬೈಗುಳ ಬಂದಾಗಲೆಲ್ಲ ಒಳಗೆ, "ಛಲೋ ಬಂತು ಬೇಟಿ, ಅವ್ರು ಹಂಗ ಅಂತಾರ" ಎನ್ನುತ್ತಿದ್ದರು. ಅವರಿಗಾಗಿಯೇ ಮರುದಿನ ಹೋಗುತ್ತಿದ್ದೆ. ಮಾಸ್ತರ ಬಗ್ಗೆ ಮನಸ್ಸಿನಲ್ಲಿ ಏನೇನು ಅಂದುಕೊಳ್ಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯಲಾರೆ.

ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಪ್ರಾರ್ಥನೆಯ ಹಾಡು ಮುಕ್ಕಾಲು ಪಾಲು ಕೈಗೆ ಬಂದಿತ್ತು. ಉಳಿದದ್ದು ಒಂದೇ ಕಡೆ. ಅಲ್ಲಿ ತೋರುಬೆರಳನ್ನು ಅಡ್ಡಲಾಗಿ ಇಟ್ಟು ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಮಾಸ್ತರು ಅದಕ್ಕೆ ಅಡ್ಡಪಟ್ಟು ಎನ್ನುತ್ತಿದ್ದರು. ನನ್ನ ಬೆರಳಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದವು. ಸ್ವರ ಮಾತ್ರ ಹೊರಡಲಿಲ್ಲ, ಬರೀ ಗುಂಯ್ ಎನ್ನುತ್ತಿತ್ತು. ಒಂದು ಸಂಜೆ ಹೊರಗಿನಿಂದ ಬೈಗುಳದ ಸುರಿಮಳೆಯೇ ಆಯಿತು. ನನ್ನ ಕಣ್ಣಲ್ಲಿ ನೀರು ನೋಡಿ ಚಾಚಿ ಅಕ್ಕಿಯ ಮೊರ ಪಕ್ಕಕ್ಕಿಟ್ಟರು. ಸುಮ್ಮನಿರು ಎಂದು ಸನ್ನೆ ಮಾಡಿ, ಗಿಟಾರನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಆ ಜಾಗವನ್ನು ನುಡಿಸಿಬಿಟ್ಟರು.

ನಾನು ಬಾಯಿ ಬಿಟ್ಟುಕೊಂಡು ಕೂತೆ. ಒಂದು ತಂತಿಯೂ ತಪ್ಪಿರಲಿಲ್ಲ. ಬಹಳ ಹೊತ್ತಿನ ಮೇಲೆ ಮಾಸ್ತರ ದನಿ ಬಂತು, "ಹ್ಞೂಂ... ಇನ್ನೊಮ್ಮೆ." ಚಾಚಿ ಇನ್ನೊಮ್ಮೆ ನುಡಿಸಿದರು.

ಅವತ್ತಿನಿಂದ ಅದೇ ರೂಢಿಯಾಯಿತು. ಸುಲಭದ್ದೆಲ್ಲ ನನ್ನದು, ಅಡ್ಡಪಟ್ಟು ಬಂದಾಗ ಗಿಟಾರು ಚಾಚಿಯ ತೊಡೆಗೆ. ಬೈಗುಳ ನಿಂತೇಹೋಯಿತು. ಮಾಸ್ತರು ಅದೊಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಎಂಥಾ ಮೋಸ ಮಾಡಿದೆವು ಎಂದು ನಾವಿಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದೆವು. ಬೆರಳ ಗುಳ್ಳೆಗಳು ಒಣಗಿದವು. ನನ್ನ ಬುದ್ಧಿಗೆ ಏನೆನ್ನಬೇಕು, ನುಡಿಸುವುದು ಬಂದೇಬಿಟ್ಟಿತು ಅನ್ನುವಷ್ಟು ಹಾಯಾಗಿದ್ದೆ.

ವಾರ್ಷಿಕೋತ್ಸವಕ್ಕೆ ಹದಿನೈದು ದಿನವಿದೆ ಎನ್ನುವಾಗ ದೊಡ್ಡ ಟೀಚರು ಇದ್ದಕ್ಕಿದ್ದಂತೆ, "ಎಲ್ಲಿ, ನುಡಿಸಿರಿ ನೋಡೋಣು" ಎಂದರು. ಅಡ್ಡಪಟ್ಟಿಗೆ ಬಂದು ನಿಂತುಬಿಟ್ಟೆ. ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಗುಂಯ್. ಅವರು ಬೈಯಲಿಲ್ಲ. "ಇಷ್ಟಕ್ಕ ಕೆಲಸ ಖಾಯಂ ಮಾಡ್ಸಾಕ ನನಗ ಬಾಯಿ ಇರಂಗಿಲ್ಲವ್ವ" ಎಂದು ಎದ್ದುಹೋದರು. ಅದೇ ವಾರ ಅಪ್ಪನಿಂದ ಕಾಗದ ಬಂದಿತ್ತು, ಸಿರುಗುಪ್ಪದವರು ಹೆಣ್ಣು ನೋಡಲು ಬರುತ್ತಾರಂತೆ.

ಶಾಲೆ ಬಿಟ್ಟವಳೇ ನೇರ ಮಾಸ್ತರ ಅಂಗಡಿಗೆ ಹೋದೆ. ಪರದೆ, ಮರ್ಯಾದೆ ಯಾವುದೂ ನೆನಪಾಗಲಿಲ್ಲ. ಮೊದಲ ಸಲ ಅವರ ಎದುರಿಗೇ ನಿಂತೆ. ಸಣ್ಣ ಆಳು, ಬಿಳಿ ಗಡ್ಡ. ಇಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತಿತ್ತೋ! "ಇಷ್ಟು ದಿನ ಅಡ್ಡಪಟ್ಟು ನುಡಿಸಿದ್ದು ನಾನಲ್ರಿ, ಚಾಚಿ. ನಿಮಗ ಗೊತ್ತಾಗಲೇ ಇಲ್ಲೇನ್ರಿ?" ಎಂದು ಅತ್ತುಬಿಟ್ಟೆ.

ಮಾಸ್ತರು ಕೈಯಲ್ಲಿದ್ದ ಹಾರ್ಮೋನಿಯಂ ಕೆಳಗಿಟ್ಟರು. "ಮೊದಲನೇ ಮೀಟಿಗೇ ಗೊತ್ತಾತವ್ವ" ಎಂದರು. ಆಮೇಲೆ ನೆಲ ನೋಡುತ್ತ ಹೇಳಿದರು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ತಾವೇ ಕಲಿಸಿದ್ದರಂತೆ. "ನನಗಿಂತ ಛಲೋ ಕೈ ಆಕೀದು. ಇನ್ನೂ ಛಲೋ ಆಗಲಿ ಅಂತ ಬೈದೆ, ಬೈದೆ... ಒಂದಿನ ಗಿಟಾರ್ ಗೋಡಿಗೆ ಹಾಕಿ, ಇನ್ನ ಮುಟ್ಟಂಗಿಲ್ಲ ಅಂದ್ಲು. ಇಪ್ಪತ್ತು ವರ್ಷ ಆತು, ಆಕಿ ನುಡಿಸಿದ್ದು ನಾ ಕೇಳಿದ್ದಿಲ್ಲ."

ಪರದೆಯ ಹಿಂದಿನಿಂದ ಚಾಚಿಯ ದನಿ ಬಂತು. "ನೀವು ಮೆರವಣಿಗಿಗೆ ಹೋದಾಗ ನುಡಿಸ್ತಿದ್ನಿ. ಗೊತ್ತಿದ್ದೂ ಈ ಹುಡುಗಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮತ್ತ ಗೋಡಿಗೆ ಹಾಕ್ತಿದ್ದಿ" ಎಂದರು ಮಾಸ್ತರು. ನನ್ನ ಕಡೆ ತಿರುಗಿ, "ನಿಂದು ಹಾಳಾಗ್ತೈತಿ ಅಂತ ಗೊತ್ತಿತ್ತು. ಆದ್ರೂ ಇವತ್ತೊಂದಿನ, ಇವತ್ತೊಂದಿನ ಅಂತ ಕೇಳಿಬಿಟ್ಟೆ. ತಪ್ಪಾತವ್ವ" ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ನನಗೆ ಕಲಿಸಿದವರಲ್ಲಿ ಅಷ್ಟು ಸರಳವಾಗಿ ತಪ್ಪೊಪ್ಪಿಕೊಂಡವರು ಅವರೊಬ್ಬರೇ.

ಆ ಹದಿನೈದು ದಿನ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಪಾಠ. ಹೊರಗೆ ಬೈಗುಳ ಮತ್ತೆ ಶುರುವಾಯಿತು. ಪಾಠದ ಹೊತ್ತಿನಲ್ಲಿ ಚಾಚಿ ಗಿಟಾರು ಮುಟ್ಟಲಿಲ್ಲ, ಸುಳ್ಳು ಹೊಗಳಲೂ ಇಲ್ಲ. ಸರಿಬಂದಾಗ ಮಾತ್ರ ತಲೆಯಾಡಿಸುತ್ತಿದ್ದರು, ಬಾರದಿದ್ದಾಗ ಉಪ್ಪುನೀರಿನ ಬಟ್ಟಲನ್ನು ನನ್ನ ಬೆರಳ ಬಳಿ ಸರಿಸುತ್ತಿದ್ದರು. ಒಮ್ಮೊಮ್ಮೆ ಪರದೆಯ ಕಡೆ ತಿರುಗಿ, "ಇವತ್ತು ಬೈದಿದ್ದು ಸಾಲಲಿಲ್ಲರಿ" ಎಂದು ನಗಿಸುತ್ತಿದ್ದರು. ವಾರ್ಷಿಕೋತ್ಸವದ ದಿನ ಅಡ್ಡಪಟ್ಟಿನಲ್ಲಿ ಒಂದು ತಂತಿ ಮಾತ್ರ ಮುನಿಸಿಕೊಂಡಿತು, ಉಳಿದ ಐದೂ ನುಡಿದವು. ಕೆಲಸ ಖಾಯಂ ಆಯಿತು. ಸಿರುಗುಪ್ಪದವರಿಗೆ ಅಪ್ಪ ಕಾಗದ ಬರೆದು ಕೈಮುಗಿದರು.

ಆ ದಿನಗಳಲ್ಲಿ ಪಾಠ ಮುಗಿಸಿ ಹೊರಟವಳು ಗಲ್ಲಿಯ ತಿರುವಿನಲ್ಲಿ ನಿಲ್ಲುತ್ತಿದ್ದೆ. ಹಿಂದಿನಿಂದ ಚಾಚಿಯ ಗಿಟಾರು ಕೇಳುತ್ತಿತ್ತು. ಮಾಸ್ತರ ಬಾಯಿಂದ ಒಂದು ಬೈಗುಳವೂ ಇಲ್ಲ...

ಮೂರು ವರ್ಷದ ಮೇಲೆ, ನೋಡಿ ಹಣೆಬರಹ, ಸಿರುಗುಪ್ಪಕ್ಕೇ ಮದುವೆಯಾಗಿ ಹೋದೆ, ಬೇರೆ ಮನೆಗೆ. ಅಲ್ಲಿಯ ಶಾಲೆಯಲ್ಲೂ ಕೆಲಸ ಸಿಕ್ಕಿತು. ಮಗಳು ಹುಟ್ಟಿದ ವರ್ಷ ಬಳ್ಳಾರಿಯ ಸೋದರತ್ತೆಯಿಂದ ಕಾಗದ ಬಂತು, ಚಾಚಿ ತೀರಿಕೊಂಡರಂತೆ. ಬಸ್ಸು ಹಿಡಿದು ಬಳ್ಳಾರಿಗೆ ಹೋದೆ. ಮಾಸ್ತರು ಅಂಗಡಿಯಲ್ಲಿ ಒಬ್ಬರೇ ಕೂತಿದ್ದರು, ಕೈಯಲ್ಲಿ ಕೆಲಸವಿರಲಿಲ್ಲ. ನನ್ನನ್ನು ನೋಡಿ, "ಒಳಗ ಹೋಗಿ ಕುಂದ್ರವ್ವ. ಗೋಡಿ ಮ್ಯಾಲೆ ಐತಿ, ತಗೊಂಡು ನುಡಿಸು" ಎಂದರು.

ಹಸಿರು ಪರದೆ ಹಾಗೇ ಇತ್ತು. ಒಳಗೆ ಕೂತು ನುಡಿಸಿದೆ. ಬೆರಳು ಮೆತ್ತಗಾಗಿಹೋಗಿದ್ದವು. ಅಡ್ಡಪಟ್ಟು ಪೂರಾ ಕೆಟ್ಟಿತು, ಆರೂ ತಂತಿ ಗುಂಯ್ ಎಂದವು. ಬೈಗುಳಕ್ಕೆ ಕಾದೆ. ಬರಲಿಲ್ಲ. ಇನ್ನೊಮ್ಮೆ ನುಡಿಸಿದೆ, ಇನ್ನೂ ಕೆಟ್ಟಿತು. "ಮಾಸ್ತರೆ, ತಪ್ಪೈತ್ರಿ" ಎಂದೆ.

"ಇರಲಿ ನುಡಿಸವ್ವ" ಎಂದರು ಪರದೆಯಾಚೆಯಿಂದ. "ಒಳಗ ಯಾರರ ಇದ್ದಂಗ ಆಗತೈತಿ."

ಅವತ್ತು ಎಷ್ಟು ತಪ್ಪು ನುಡಿಸಿದೆನೋ ಲೆಕ್ಕವಿಲ್ಲ. ಕೊನೆಯ ಬಸ್ಸಿನವರೆಗೂ ನುಡಿಸಿದೆ. ಮರುವರ್ಷ ಅವರೂ ಹೋದರು. ನನಗೆ ಆಗ ಸುದ್ದಿಯೂ ಸಿಗಲಿಲ್ಲ, ಆ ನೋವು ಈಗಲೂ ಇದೆ.

ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಮೊಮ್ಮಗಳು ನುಡಿಸುತ್ತಿದ್ದಾಳೆ. ಅವಳು ಏನು ನುಡಿಸಿದರೂ ಅವಳ ಮೇಷ್ಟ್ರು ಸೂಪರ್ ಅನ್ನುತ್ತಾರಂತೆ. ಒಂದೇ ಕಡೆ ತಪ್ಪುತ್ತಿದೆ, ಬೆರಳು ಪೂರ್ತಿ ಕೂರುತ್ತಿಲ್ಲ. ಎದ್ದುಹೋಗಿ ಹೇಳಬೇಕು. ಹೇಳುತ್ತೇನೆ... ಇನ್ನೂ ಸ್ವಲ್ಪ ಹೊತ್ತು ಕೇಳಿದ ಮೇಲೆ.